ಹೆಪ್ಪು ಬದಲಾದ್ರೆ: ಕಪ್ಪು ಏಲ್‌ನ ಯೀಸ್ಟ್ ಕಥೆ

ಭಾಗ 1

ಮೊದಲೇ ಹೇಳ್ಬಿಡ್ತೀನಿ, ನಾನು ಬೀರ್ ಕುಡಿದವನಲ್ಲ. ವಯಸ್ಸು ಇಪ್ಪತ್ತು. ನಮ್ಮ ರಾಜ್ಯದ ಬಾರ್‌ಗಳ ಮುಂದೆ 21 ಅಂತ ಬೋರ್ಡ್ ಇರುತ್ತೆ, ಇನ್ನೂ ಒಂದು ವರ್ಷ ಬಾಕಿ. ನಮ್ಮನೇಲಿ ಆ ಪದ ಎತ್ತೋದೇ ಕಷ್ಟ. ಅದಕ್ಕೆ ಕಾರಣ ಇದೆ, ಮುಂದೆ ಹೇಳ್ತೀನಿ. ಆದರೂ ಈ ಸಲದ ಸರಣಿ ಬೀರಿನ ಬಗ್ಗೆನೇ. ಸರಿಯಾಗಿ ಹೇಳ್ಬೇಕಂದ್ರೆ ಬೀರಿನ ಹೆಪ್ಪಿನ ಬಗ್ಗೆ.

ಶುರುವಾಗಿದ್ದು ಯುಗಾದಿ ದಿನ. ಅಕ್ಕ-ಭಾವ ಅಮೆರಿಕದ ಓಹಾಯೋದಲ್ಲಿದ್ದಾರೆ. ವಿಡಿಯೋ ಕಾಲ್‌ನಲ್ಲಿ ಭಾವ ಗ್ಯಾರೇಜಿಗೆ ಕರ್ಕೊಂಡು ಹೋಗಿ ಎರಡು ದೊಡ್ಡ ಗಾಜಿನ ಬುರುಡೆ ತೋರಿಸಿದ್ರು. ಎರಡರಲ್ಲೂ ಬೆಲ್ಲದ ಪಾಕದ ಹಾಗೆ ಕಪ್ಪು ನೀರು. ಅಲ್ಲಿ ಮನೇಲಿ ಬೀರ್ ಮಾಡ್ಕೊಳ್ಳೋದು ಕಾನೂನುಬದ್ಧ, 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅದು. ಒಬ್ಬ ವಯಸ್ಕನಿಗೆ ವರ್ಷಕ್ಕೆ 100 ಗ್ಯಾಲನ್, ಮಾರೋ ಹಾಗಿಲ್ಲ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದ್ರೆ ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅಪರಾಧ. ಹಾಗಾಗಿ ಇದನ್ನ ಓದಿ ಯಾರೂ ಮನೇಲಿ ಟ್ರೈ ಮಾಡ್ಬೇಡಿ, ಪ್ಲೀಸ್.

ಭಾವ ಮಾಡಿದ್ದು ಇಷ್ಟು. 20 ಲೀಟರ್ ಕಪ್ಪು ಏಲ್‌ಗೆ ಮಾಲ್ಟ್ ರಸ ಒಂದೇ ಪಾತ್ರೆಯಲ್ಲಿ ಕುದಿಸಿದ್ರು. ಅದರಲ್ಲಿ ಅಮ್ಮ ಮಗುವಿನ ಸರಿಗೆ ಅಂತ ಕಳಿಸಿದ್ದ ಮೊಳಕೆ ರಾಗಿ ಹಿಟ್ಟು ಅರ್ಧ ಕೇಜಿ ಸೇರಿತ್ತು (ಅಕ್ಕನಿಗೆ ಇದು ಗೊತ್ತಾಗಿದ್ದು ಅದೇ ಕಾಲ್‌ನಲ್ಲಿ, ಮುಂದಿನ ಹತ್ತು ನಿಮಿಷ ಬರೆಯೋ ಹಾಗಿಲ್ಲ). ಆಮೇಲೆ ರಸವನ್ನ ಸಮ ಭಾಗ ಮಾಡಿ ಒಂದಕ್ಕೆ ಇಂಗ್ಲಿಷ್ ಏಲ್ ಯೀಸ್ಟ್, ಇನ್ನೊಂದಕ್ಕೆ ಸೇಸನ್ ಅನ್ನೋ ಬೆಲ್ಜಿಯಂ ಕಡೆಯ ಹಳ್ಳಿ ಬೀರಿನ ಯೀಸ್ಟ್ ಹಾಕಿದ್ರು. ಅಷ್ಟೇ ವ್ಯತ್ಯಾಸ.

"ಎರಡೂ ಬೇರೆ ಬೇರೆ ಬೀರ್ ಆಗುತ್ತೆ ನೋಡು" ಅಂದ್ರು.

ನಾನು ನಂಬಲಿಲ್ಲ. ಪಕ್ಕದಲ್ಲಿ ಅವರೆಕಾಳು ಬಿಡಿಸ್ತಾ ಕೂತಿದ್ದ ಅಜ್ಜಿ, ಏನು ಎತ್ತ ಅಂತ ಗೊತ್ತಿಲ್ದೇನೇ ಹೇಳಿದ್ದು: "ಹಾಲು ಒಂದೇ ಆದ್ರೂ ಹೆಪ್ಪು ಬೇರೆ ಆದ್ರೆ ಮೊಸರು ಬೇರೆನೇ ಕಣ್ಲಾ. ಅದ್ರಲ್ಲೇನೈತೆ."

ಭಾಗ 2

ಮೂರು ವಾರ ಆದ್ಮೇಲೆ ಭಾವ ಲೆಕ್ಕ ಕಳಿಸಿದ್ರು. ಕಾಮರ್ಸ್ ಹುಡುಗನಿಗೆ ಲೆಕ್ಕ ಅಂದ್ರೆ ಬೇಗ ಅರ್ಥ ಆಗುತ್ತೆ ಅಂತ ಇರ್ಬೇಕು.

ಬೀರ್ ಮಾಡೋರು ರಸದ ಸಾಂದ್ರತೆ ಅಳೀತಾರೆ. ನೀರು 1.000. ಸಕ್ಕರೆ ಇದ್ದಷ್ಟೂ ಜಾಸ್ತಿ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತೆ ಗಾಳಿ ಮಾಡ್ತಾ ಹೋದ ಹಾಗೆ ಆ ಸಂಖ್ಯೆ ಇಳಿಯುತ್ತೆ. ಎರಡೂ ಬುರುಡೆ ಶುರುವಾಗಿದ್ದು 1.052ರಲ್ಲಿ. ಇಂಗ್ಲಿಷ್ ಯೀಸ್ಟ್ 1.014ಕ್ಕೆ ನಿಂತಿತು. ಸೇಸನ್ ಯೀಸ್ಟ್ 1.004ರವರೆಗೂ ಹೋಯ್ತು. ಅಂದ್ರೆ ಒಂದು ಸುಮಾರು 5% ಆಲ್ಕೋಹಾಲ್, ಇನ್ನೊಂದು 6.3%. ಒಂದೇ ಬಂಡವಾಳ, ಎರಡು ಬ್ಯಾಲೆನ್ಸ್ ಶೀಟ್.

ಕಾರಣ ಏನಂದ್ರೆ, ಮಾಲ್ಟ್ ರಸದಲ್ಲಿ ಸಣ್ಣ ಸಕ್ಕರೆಗಳೂ ಇರುತ್ತೆ, ಉದ್ದ ಸರಪಳಿಯ ಡೆಕ್ಸ್ಟ್ರಿನ್‌ಗಳೂ ಇರುತ್ತೆ. ಮಾಮೂಲಿ ಏಲ್ ಯೀಸ್ಟ್ ಆ ಉದ್ದ ಸರಪಳಿ ಮುಟ್ಟಲ್ಲ. ಅದು ಹಾಗೇ ಉಳಿದು ಬಾಯಿಗೆ ದಪ್ಪ, ಸ್ವಲ್ಪ ಸಿಹಿ ಅನ್ನಿಸುತ್ತೆ. ಕೆಲವು ಸೇಸನ್ ಯೀಸ್ಟ್‌ಗಳು ಆ ಸರಪಳಿ ಕತ್ತರಿಸೋ ಕಿಣ್ವವನ್ನ ತಾವೇ ಬಿಡ್ತವೆ. ತಟ್ಟೇಲಿ ಒಂದು ಅಗಳು ಬಿಡದೆ ಬಳಿದು ತಿನ್ನೋ ಜಾತಿ. ಅದರ ಜೊತೆಗೆ ಲವಂಗ, ಮೆಣಸಿನ ಥರ ವಾಸನೆ. ಇದು ಮಸಾಲೆ ಹಾಕಿದ್ದಲ್ಲ, ಕಾಳಿನ ಸಿಪ್ಪೇಲಿರೋ ಫೆರುಲಿಕ್ ಆಮ್ಲವನ್ನ ಯೀಸ್ಟ್ ಬದಲಾಯಿಸಿದಾಗ ಬರೋದು.

ಹಾಗಾದ್ರೆ ಎರಡನೇದು ಚೆನ್ನಾಗಿತ್ತಾ? ಇಲ್ಲ, ಕೆಟ್ಟೋಗಿತ್ತು. ಭಾವ ಹೇಳಿದ್ದು, "ಸುಟ್ಟ ಕಾಫಿ ಪುಡಿ ನೆಕ್ಕಿದ ಹಾಗಿತ್ತು" ಅಂತ. ಕಪ್ಪು ಏಲ್‌ನಲ್ಲಿ ಹುರಿದ ಮಾಲ್ಟಿನ ಕಹಿ ಇರುತ್ತೆ. ಆ ಕಹಿಯನ್ನ ಹಿಡಿದಿಟ್ಟಿದ್ದು ಉಳಿದ ಸಿಹಿ. ಯೀಸ್ಟ್ ಆ ಸಿಹಿಯನ್ನ ತಿಂದುಹಾಕ್ತು, ಕಹಿ ಬೆತ್ತಲಾಗಿ ನಿಂತ್ಕೊಳ್ತು. ರೆಸಿಪಿಯಲ್ಲಿ ಒಂದು ಸಾಲು ಬದಲಾಯಿಸಿದ್ರೆ ಬಾಕಿ ಸಾಲುಗಳೂ ಬದಲಾಗ್ಬೇಕು ಅಂತ ಆಗ ಗೊತ್ತಾಯ್ತಂತೆ. ಎರಡನೇ ಸಲ ಕಪ್ಪು ಮಾಲ್ಟ್ 300 ಗ್ರಾಂ ಇದ್ದದ್ದನ್ನ 120ಕ್ಕೆ ಇಳಿಸಿದ್ರು, ಹಾಪ್ಸ್ ಕಮ್ಮಿ ಮಾಡಿದ್ರು, ಓಟ್ಸ್ ಸೇರಿಸಿದ್ರು. (ರಾಗಿ ಮುಟ್ಟಲಿಲ್ಲ. ಡಬ್ಬ ಅಕ್ಕನ ಬೀರುವಿನಲ್ಲಿ ಲಾಕ್ ಆಗಿತ್ತು.) ಆ ಬೀರ್ ಚೆನ್ನಾಗಿ ಬಂತು.

ನನಗೆ ತಲೆಗೆ ಹತ್ತಿದ್ದು ಬೇರೆ ಪ್ರಶ್ನೆ. ಹೀಗೆ ಯೀಸ್ಟ್ ಬದಲಾಯಿಸೋ ಕೆಲಸವನ್ನ ಚರಿತ್ರೆಯಲ್ಲಿ ಮೊದಲು ಯಾರು ಬೇಕಂತಲೇ ಮಾಡಿದ್ರು?

ಭಾಗ 3

ಅದಕ್ಕೆ ಮುಂಚೆ ಕಪ್ಪು ಬೀರ್ ಎಲ್ಲಿಂದ ಬಂತು ಅಂತ ನೋಡೋಣ. ಹದಿನೆಂಟನೇ ಶತಮಾನದ ಶುರುವಿನ ಲಂಡನ್. ಮೂಟೆ ಹೊರೋ ಕೂಲಿಗಳನ್ನ ಅಲ್ಲಿ ಪೋರ್ಟರ್ ಅಂತಿದ್ರು. ಅವರು ಕುಡೀತಿದ್ದ ಕಂದು ಬೀರಿಗೂ ಅದೇ ಹೆಸರು ಬಂತು. ಸುಮ್ನೆ ಯೋಚ್ನೆ ಮಾಡಿ, ನಮ್ಮ ಎಪಿಎಂಸಿ ಯಾರ್ಡಿನ ಹಮಾಲರ ಹೆಸರಲ್ಲಿ ಒಂದು ಪಾನೀಯ ಪ್ರಪಂಚ ಎಲ್ಲ ಸುತ್ತಿದ ಹಾಗೆ.

ಪೋರ್ಟರನ್ನ ದೊಡ್ಡ ದೊಡ್ಡ ಮರದ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಹಳೇದು ಮಾಡ್ತಿದ್ರು. ಎಷ್ಟು ದೊಡ್ಡದು ಅಂದ್ರೆ, 1814ರ ಅಕ್ಟೋಬರ್ 17ರಂದು ಮ್ಯೂ ಕಂಪನಿಯ ಹಾರ್ಸ್ ಶೂ ಬ್ರೂವರಿಯಲ್ಲಿ 22 ಅಡಿ ಎತ್ತರದ ಒಂದು ತೊಟ್ಟಿ ಒಡೆದು, ಬೀರಿನ ಪ್ರವಾಹ ಪಕ್ಕದ ಸೇಂಟ್ ಗೈಲ್ಸ್ ಕೇರಿಗೆ ನುಗ್ಗಿ ಎಂಟು ಜನ ಸತ್ರು. ಸತ್ತವರೆಲ್ಲ ಬಡವರು, ಹೆಂಗಸರು ಮತ್ತೆ ಮಕ್ಕಳು. ಇದನ್ನ ಇಂಟರ್‌ನೆಟ್‌ನಲ್ಲಿ ಜೋಕ್ ಥರ ಹಾಕ್ತಾರೆ. ನನಗೆ ನಗು ಬರ್ಲಿಲ್ಲ.

ಇನ್ನೊಂದು ವಿಷಯ ನಮ್ಮ ಕಾಸ್ಟ್ ಅಕೌಂಟಿಂಗ್ ಕ್ಲಾಸಿಗೆ ಸಂಬಂಧಪಟ್ಟಿದ್ದು. ಪೋರ್ಟರ್ ಪೂರ್ತಿ ಕಂದು ಮಾಲ್ಟಿನಲ್ಲಿ ಮಾಡ್ತಿದ್ರು. ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಬಂದ ಮೇಲೆ ಮಾಲೀಕರು ಲೆಕ್ಕ ಹಾಕಿ ನೋಡಿದ್ರು. ಬಿಳಿ ಮಾಲ್ಟ್ ದುಬಾರಿ ಆದ್ರೂ ಅದರಿಂದ ಸಿಗೋ ಸಕ್ಕರೆ ಎಷ್ಟೋ ಜಾಸ್ತಿ. ಹಾಗಾಗಿ ಬಿಳಿ ಮಾಲ್ಟಿಗೆ ಹೋದ್ರು, ಆದರೆ ಬಣ್ಣ ಹೋಯ್ತು. 1817ರಲ್ಲಿ ಡೇನಿಯಲ್ ವೀಲರ್ ಅನ್ನೋನು ಕಾಫಿ ಹುರಿಯೋ ಥರದ ಡ್ರಮ್ಮಿನಲ್ಲಿ ಮಾಲ್ಟನ್ನ ಕರ್ರಗೆ ಹುರಿಯೋದಕ್ಕೆ ಪೇಟೆಂಟ್ ತಗೊಂಡ. ಒಂದು ಚೂರು ಹಾಕಿದ್ರೆ ಇಡೀ ತೊಟ್ಟಿ ಕಪ್ಪು. ಭಾವ 300 ಗ್ರಾಂ ಹಾಕಿದ್ರಲ್ಲ, ಅದೇ ಕಪ್ಪು ಮಾಲ್ಟ್.

ಕಾಳು, ಹುರಿಯೋ ಡ್ರಮ್ಮು, ಅಳೆಯೋ ಕೋಲು, ಎಲ್ಲದಕ್ಕೂ ಲೆಕ್ಕ ಇತ್ತು. ಯೀಸ್ಟಿಗೆ ಮಾತ್ರ ಇರ್ಲಿಲ್ಲ. 1516ರ ಬವೇರಿಯಾದ ಪ್ರಸಿದ್ಧ ಬೀರ್ ಕಾನೂನಿನಲ್ಲಿ ನೀರು, ಬಾರ್ಲಿ, ಹಾಪ್ಸ್ ಅಂತ ಮೂರೇ ಹೆಸರು, ಯೀಸ್ಟ್ ಅಲ್ಲಿ ಇಲ್ಲವೇ ಇಲ್ಲ. ಹಿಂದಿನ ಬೀರಿನ ನೊರೆ ಎತ್ತಿ ಮುಂದಿನದಕ್ಕೆ ಹಾಕ್ತಿದ್ರು, ಬ್ರೆಡ್ ಮಾಡೋರು ಬಂದು ಆ ನೊರೆ ಇಸ್ಕೊಂಡು ಹೋಗ್ತಿದ್ರು. ಪಕ್ಕದ ಮನೆಗೆ ಲೋಟ ಹಿಡ್ಕೊಂಡು ಹೆಪ್ಪಿಗೆ ಹೋಗಿದೀರಲ್ಲ, ಹಾಗೇ.

ಭಾಗ 4

ಈಗ ನನ್ನ ಫೇವರಿಟ್ ಭಾಗ.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಜೆ.ಸಿ. ಯಾಕೋಬ್ಸನ್ ಅಂತ ಒಬ್ಬ ಬ್ರೂವರ್. ಅಪ್ಪನಿಂದ ಬಂದ ಸಣ್ಣ ಬ್ರೂವರಿ. ಊರವರು ಕುಡೀತಿದ್ದದ್ದು ಮೇಲೆ ನೊರೆ ಕಟ್ಟೋ ಯೀಸ್ಟಿನ ಸಿಹಿ ಬೀರ್, ಬೇಗ ಹುಳಿಯಾಗ್ತಿತ್ತು. ಬವೇರಿಯಾದಲ್ಲಿ ಮಾತ್ರ ಬೇರೆ ಥರ. ಅಲ್ಲಿ ಯೀಸ್ಟ್ ತಳಕ್ಕೆ ಹೋಗಿ ಕೂರೋದು, ತಣ್ಣನೆ ನೆಲಮಾಳಿಗೆಯಲ್ಲಿ ನಿಧಾನಕ್ಕೆ ಕೆಲಸ ಮಾಡೋದು. ಬೀರ್ ಕಂದುಗಪ್ಪು, ಆದರೆ ರುಚಿ ನೀಟ್, ತಿಂಗಳುಗಟ್ಟಲೆ ಕೆಡ್ತಿರಲಿಲ್ಲ. ಇದಕ್ಕೇ ಲಾಗರ್ ಅನ್ನೋದು. ಲಾಗರ್ ಅಂದ ತಕ್ಷಣ ನಮಗೆ ಹಳದಿ ಬಣ್ಣ ನೆನಪಾಗುತ್ತೆ, ಆದರೆ ಆ ಕಾಲದ ಮ್ಯೂನಿಕ್ ಲಾಗರ್ ಕಪ್ಪಗಿತ್ತು.

ಯಾಕೋಬ್ಸನ್ ಮೊದಲ ಪ್ರಯೋಗ ಮಾಡಿದ್ದು ಅಮ್ಮನ ಬಟ್ಟೆ ಒಗೆಯೋ ತಾಮ್ರದ ಹಂಡೆಯಲ್ಲಿ ಅಂತಾರೆ. ನಮ್ಮ ಭಾವನ ಪೂರ್ವಜ ಅನ್ನಬಹುದು.

ಒಳ್ಳೆ ಯೀಸ್ಟ್ ಬೇಕಿತ್ತು. 1845ರಲ್ಲಿ ಮ್ಯೂನಿಕ್ಕಿಗೆ ಹೋಗಿ ಸ್ಪಾಟೆನ್ ಬ್ರೂವರಿಯ ಗಾಬ್ರಿಯೆಲ್ ಸೆಡ್ಲ್‌ಮೇಯರ್ ಹತ್ರ ಯೀಸ್ಟ್ ಇಸ್ಕೊಂಡ. ಡಬ್ಬಿಗೆ ತುಂಬಿ ಕುದುರೆ ಗಾಡಿ ಹತ್ತಿದ. ಕೋಪನ್‌ಹೇಗನ್‌ಗೆ ದಿನಗಟ್ಟಲೆ ಪ್ರಯಾಣ. ಬಿಸಿಯಾದ್ರೆ ಯೀಸ್ಟ್ ಸಾಯುತ್ತೆ. ಗಾಡಿ ನಿಂತ ಕಡೆಯೆಲ್ಲ ಇಳಿದು ಡಬ್ಬಿ ಮೇಲೆ ತಣ್ಣೀರು ಹಾಕ್ತಾ ಬಂದ. ಯೀಸ್ಟ್ ಬದುಕಿತು. 1847ರಲ್ಲಿ ಊರ ಹೊರಗಿನ ಒಂದು ದಿಣ್ಣೆ ಮೇಲೆ ಹೊಸ ಬ್ರೂವರಿ ಕಟ್ಟಿ ಮಗ ಕಾರ್ಲ್‌ನ ಹೆಸರಿಟ್ಟ. ಅದೇ ಕಾರ್ಲ್ಸ್‌ಬರ್ಗ್.

ರೆಸಿಪಿ ಬರ್ಕೊಂಡು ಬರಬಹುದು. ಹೆಪ್ಪನ್ನ ಹೊತ್ಕೊಂಡೇ ಬರಬೇಕು. ಈ ಸರಣಿ ಪೂರ್ತಿ ನಾನು ಹೇಳ್ಬೇಕು ಅಂತ ಹೊರಟಿದ್ದು ಇದೊಂದೇ ಮಾತು. ಆದರೂ ಇನ್ನೂ ಬರೀತೀನಿ.

ಭಾಗ 5

1875ರಲ್ಲಿ ಯಾಕೋಬ್ಸನ್ ಒಂದು ಲ್ಯಾಬ್ ಕಟ್ಟಿಸಿದ. ಇದೇ ಲ್ಯಾಬಿನಲ್ಲಿ 1909ರಲ್ಲಿ ಸೋರೆನ್ಸನ್ ಅನ್ನೋರು ಪಿಎಚ್ ಅಳತೆ ಹುಟ್ಟುಹಾಕಿದ್ದು. ನಮ್ಮ ತೋಟದ ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ಬರೆದಿರ್ತಾರಲ್ಲ, ಪಿಎಚ್ ಇಷ್ಟು ಅಂತ? ಅದು ಬೀರಿನ ಲ್ಯಾಬಿನಿಂದ ಬಂದಿದ್ದು ಅಂತ ಅಪ್ಪನಿಗೆ ಹೇಳಿದೆ. ಅಪ್ಪ ಕಾರ್ಡನ್ನೇ ಅನುಮಾನದಿಂದ ನೋಡಿದ್ರು.

1880ರ ದಶಕದ ಶುರುವಿನಲ್ಲಿ ಕಾರ್ಲ್ಸ್‌ಬರ್ಗ್ ಬೀರಿಗೆ ಕಾಯಿಲೆ ಬಂತು. ಕಹಿ, ಕೆಟ್ಟ ವಾಸನೆ. ಪಾಸ್ಟರ್ 1876ರಲ್ಲಿ ಬೀರಿನ ಬಗ್ಗೆ ಬರೆದ ಪುಸ್ತಕದಲ್ಲಿ ಬ್ಯಾಕ್ಟೀರಿಯಾ ಕಾರಣ ಅಂದಿದ್ರು. ಲ್ಯಾಬಿನಲ್ಲಿದ್ದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಬೇರೆ ಮಾತು ಹೇಳಿದ: ಯೀಸ್ಟ್ ಒಳಗೇ ಕಳ್ಳ ಯೀಸ್ಟ್ ಸೇರಿದೆ. ಈ ಹ್ಯಾನ್ಸೆನ್ ಬಡ ಮನೆಯಿಂದ ಬಂದವನು, ಹುಡುಗನಾಗಿದ್ದಾಗ ಗೋಡೆಗೆ ಬಣ್ಣ ಬಳೀತಿದ್ದವನು. ಯೀಸ್ಟನ್ನ ನೀರಲ್ಲಿ ತೆಳು ಮಾಡ್ತಾ ಮಾಡ್ತಾ ಒಂದು ಹನಿಗೆ ಒಂದೇ ಜೀವಕೋಶ ಉಳಿಯೋ ಹಾಗೆ ಮಾಡಿದ. ಆ ಒಂದರಿಂದ ಇಡೀ ಸಂತಾನ ಬೆಳೆಸಿದ. 1883ರ ನವೆಂಬರ್‌ನಲ್ಲಿ ಆ ಶುದ್ಧ ಯೀಸ್ಟ್ ತೊಟ್ಟಿಗೆ ಇಳೀತು. ಬೀರ್ ಸರಿಹೋಯ್ತು.

ಯಾಕೋಬ್ಸನ್ ಪೇಟೆಂಟ್ ಹಾಕಿಸಲಿಲ್ಲ. ಕೇಳಿದ ಬ್ರೂವರಿಗಳಿಗೆ ಆ ಯೀಸ್ಟ್ ಕೊಟ್ಟ. ತನಗೆ ಮ್ಯೂನಿಕ್‌ನಲ್ಲಿ ಹಾಗೇ ಸಿಕ್ಕಿತ್ತಲ್ಲ. ಹೆಪ್ಪಿಗೆ ಯಾರು ದುಡ್ಡು ತಗೋತಾರೆ?

ಆದರೆ ಇಂಗ್ಲೆಂಡಿನವರು ಇದೇ ವಿಧಾನವನ್ನ ತಮ್ಮ ಹಳೇ ಏಲ್, ಸ್ಟೌಟ್‌ಗಳಿಗೆ ಹಾಕಿ ನೋಡಿದಾಗ ರುಚಿ ಬರ್ಲಿಲ್ಲ. ಬೀರ್ ಶುದ್ಧವಾಗಿತ್ತು, ಆದರೆ ಸಪ್ಪೆ. ಯಾಕೆ ಅನ್ನೋದಕ್ಕೆ ಉತ್ತರ ಬಂದಿದ್ದು 1904ರಲ್ಲಿ, ಮತ್ತೆ ಕಾರ್ಲ್ಸ್‌ಬರ್ಗ್‌ನಿಂದಲೇ. ಕ್ಲಾಸನ್ ಅನ್ನೋರು ಇಂಗ್ಲಿಷ್ ಬೀರಿನಲ್ಲಿ ಎರಡನೇ ಯೀಸ್ಟೊಂದನ್ನ ಕಂಡುಹಿಡಿದರು. ಪೀಪಾಯಿಯಲ್ಲಿ ತಿಂಗಳುಗಟ್ಟಲೆ ನಿಧಾನಕ್ಕೆ ಕೆಲಸ ಮಾಡೋ ಯೀಸ್ಟ್ ಅದು. ಬ್ರಿಟಿಷ್ ಶಿಲೀಂಧ್ರ ಅನ್ನೋ ಅರ್ಥದಲ್ಲಿ ಬ್ರೆಟನೊಮೈಸಿಸ್ ಅಂತ ಹೆಸರಿಟ್ಟರು. ಲಂಡನ್ನಿನ ಹಳೇ ಕಪ್ಪು ಪೋರ್ಟರಿನ ರುಚಿ ಅಂತ ಜನ ಯಾವುದನ್ನ ಕರೀತಿದ್ರೋ ಅದರಲ್ಲಿ ದೊಡ್ಡ ಪಾಲು ಈ ಕಳ್ಳನದ್ದೇ. ಕಳ್ಳ ಅಂತ ಓಡಿಸಿದ್ರೆ ಮನೆಯ ವಾಸನೆನೂ ಅವನ ಜೊತೆ ಹೋಯ್ತು.

ಭಾಗ 6

ಇದು ಬಿಕಾಂನವರಿಗೆ.

ಸ್ಟಾಟಿಸ್ಟಿಕ್ಸ್‌ನಲ್ಲಿ ಸ್ಟೂಡೆಂಟ್ಸ್ ಟಿ-ಟೆಸ್ಟ್ ಓದಿದೀವಲ್ಲ? ನಾನು ಅದನ್ನ ವಿದ್ಯಾರ್ಥಿಗಳಿಗೋಸ್ಕರ ಮಾಡಿದ ಸುಲಭದ ಟೆಸ್ಟ್ ಅಂತಲೇ ಅಂದ್ಕೊಂಡಿದ್ದೆ. ನಗ್ಬೇಡಿ. 'ಸ್ಟೂಡೆಂಟ್' ಅನ್ನೋದು ಒಬ್ಬ ಮನುಷ್ಯನ ಗುಪ್ತನಾಮ. ನಿಜ ಹೆಸರು ವಿಲಿಯಂ ಸೀಲಿ ಗಾಸೆಟ್. 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಬ್ರೂವರಿಗೆ ಕೆಲಸಕ್ಕೆ ಸೇರಿದ ಕೆಮಿಸ್ಟ್. ಗಿನ್ನೆಸ್ ಅಂದ್ರೆ ಕಪ್ಪು ಸ್ಟೌಟ್, ಪೋರ್ಟರಿನ ತಮ್ಮ. ಕಂಪನಿಯ ಗುಟ್ಟು ಹೊರಗೆ ಹೋಗ್ಬಾರ್ದು ಅಂತ ನೌಕರರು ಸ್ವಂತ ಹೆಸರಲ್ಲಿ ಲೇಖನ ಹಾಕೋ ಹಾಗಿರಲಿಲ್ಲ, ಅದಕ್ಕೆ ಆ ಹೆಸರು.

ಟಿ-ಟೆಸ್ಟಿನ ಲೇಖನ ಬಂದಿದ್ದು 1908ರಲ್ಲಿ. ಅದಕ್ಕೂ ಒಂದು ವರ್ಷ ಮುಂಚೆ, 1907ರಲ್ಲಿ, ಅವನ ಮೊದಲ ಲೇಖನ. ವಿಷಯ? ಯೀಸ್ಟ್ ಕೋಶಗಳನ್ನ ಎಣಿಸುವಾಗ ಆಗೋ ತಪ್ಪು. ಗೆರೆ ಹಾಕಿದ ಗಾಜಿನ ಪಟ್ಟಿ ಮೇಲೆ ಒಂದು ಹನಿ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ಚೌಕ ಚೌಕವಾಗಿ ಎಣಿಸ್ತಿದ್ರು. ಒಂದು ಹನಿಯಲ್ಲಿ ಕಂಡ ಲೆಕ್ಕವನ್ನ ನಂಬಿ ಇಡೀ ತೊಟ್ಟಿಗೆ ಎಷ್ಟು ಯೀಸ್ಟ್ ಹಾಕ್ಬೇಕು ಅಂತ ತೀರ್ಮಾನ ಮಾಡ್ಬೇಕು. ಕಮ್ಮಿಯಾದ್ರೆ ಹುದುಗಲ್ಲ, ಜಾಸ್ತಿಯಾದ್ರೆ ರುಚಿ ಕೆಡುತ್ತೆ. ಆ ಒಂದು ಹನಿಯನ್ನ ಎಷ್ಟು ನಂಬಬಹುದು?

ಕೈಯಲ್ಲಿರೋದು ಚಿಕ್ಕ ಸ್ಯಾಂಪಲ್, ತೀರ್ಮಾನ ಮಾತ್ರ ದೊಡ್ಡದು. ಟಿ-ಟೆಸ್ಟ್ ಹುಟ್ಟಿದ್ದು ಇಂಥ ಪೇಚಾಟದಲ್ಲಿ. ಕಳೆದ ಸೆಮಿಸ್ಟರ್‌ನಲ್ಲಿ ನನಗೆ ಆ ಪ್ರಶ್ನೆ ಬಂದಿತ್ತು. ಫಾರ್ಮುಲಾ ಬರೆದೆ, ಟೇಬಲ್ ನೋಡೋದ್ರಲ್ಲಿ ತಪ್ಪಿದೆ. ಯೀಸ್ಟ್ ಕಥೆ ಯಾರಾದ್ರೂ ಮೊದಲೇ ಹೇಳಿದ್ರೆ ತಪ್ತಿರಲಿಲ್ಲ ಅಂತ ಈಗ್ಲೂ ಅನ್ಸುತ್ತೆ.

ಭಾಗ 7

ಬೆಂಗಳೂರಿಗೆ ಬರೋಣ.

1809ರಲ್ಲಿ ದಂಡು ಪ್ರದೇಶ ಆಯ್ತು, ಗೋರಾ ಸಿಪಾಯಿಗಳು ಬಂದ್ರು. ಆ ಕಾಲದಲ್ಲಿ ಬೀರ್ ಬರ್ತಿದ್ದದ್ದು ಇಂಗ್ಲೆಂಡಿನಿಂದ ಹಡಗಿನಲ್ಲಿ. ಇಂಡಿಯಾ ಪೇಲ್ ಏಲ್ ಅಂತ ಎಲ್ಲರೂ ಹೇಳ್ತಾರೆ, ಆದರೆ ಅದು ಹೆಚ್ಚಾಗಿ ಅಧಿಕಾರಿಗಳ ಮೇಜಿಗೆ. ಸಾಮಾನ್ಯ ಸಿಪಾಯಿಯ ಲೋಟಕ್ಕೆ ಬರ್ತಿದ್ದದ್ದು ಕಪ್ಪು ಪೋರ್ಟರ್. ಇಲ್ಲೇ ಮಾಡೋದಕ್ಕೆ ಬಿಸಿಲು ಅಡ್ಡಿ. ಏಲ್ ಯೀಸ್ಟಿಗೆ 18-22 ಡಿಗ್ರಿ ಹಿತ. ಲಾಗರ್ ಯೀಸ್ಟಿಗೆ 8-13. ಅದಕ್ಕೇ ಮೊದಮೊದಲ ಬ್ರೂವರಿಗಳು ಕಸೌಲಿ, ನೀಲಗಿರಿ ಅಂತ ಬೆಟ್ಟ ಹತ್ತಿದ್ದು. ಐಸ್ ಮಷೀನ್ ಬಂದ ಮೇಲೆ ಬೆಟ್ಟ ಬೇಕಾಗ್ಲಿಲ್ಲ. 1870ರ ದಶಕದಲ್ಲಿ ಲಿಂಡೆಯ ಮಷೀನಿಗೆ ಮೊದಲು ಬೆಂಬಲ ಕೊಟ್ಟವರಲ್ಲಿ ಮ್ಯೂನಿಕ್‌ನ ಅದೇ ಸ್ಪಾಟೆನ್ ಬ್ರೂವರಿಯೂ ಇತ್ತು. ಒಂದು ಯೀಸ್ಟಿನ ತಣ್ಣನೆ ಅಭ್ಯಾಸಕ್ಕೋಸ್ಕರ ಫ್ರಿಜ್ಜಿನ ಚರಿತ್ರೆ ಬೇಗ ಓಡಿತು ಅಂದ್ರೆ ತಪ್ಪಾಗಲ್ಲ.

1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವರು ದಕ್ಷಿಣದ ಸಣ್ಣ ಬ್ರೂವರಿಗಳನ್ನ ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ್ರು. ಸಿಪಾಯಿಗಳಿಗೆ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿ ಮೇಲೆ ಬೀರ್ ಹೋಗ್ತಿತ್ತಂತೆ. 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕ ಆದ್ರು, ಮರುವರ್ಷ ಅಧ್ಯಕ್ಷ. ಆಗ ಅವರಿಗೆ 23-24 ವಯಸ್ಸು, ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವರು (ನಾನಿನ್ನೂ ಟಿ-ಟೇಬಲ್ ನೋಡೋದ್ರಲ್ಲಿದೀನಿ). ಈಗ ಯುಬಿ ಸಿಟಿ ಮಾಲ್ ನಿಂತಿರೋ ಜಾಗದಲ್ಲೇ ಹಳೇ ಬ್ರೂವರಿ ಇದ್ದದ್ದು. ನಮ್ಮ ಪಕ್ಕದ ಕುಣಿಗಲ್ ಕುದುರೆ ಫಾರಂ ಕೂಡ 1992ರಿಂದ ಮಲ್ಯ ಕಂಪನಿಯ ಗುತ್ತಿಗೆಯಲ್ಲಿತ್ತು. ನಮ್ಮ ಕಡೆಯವರಿಗೆ ಬೀರ್ ಕಂಪನಿ ಅಂದ್ರೆ ಮೊದಲು ನೆನಪಾಗಿದ್ದು ಕುದುರೆ.

ಇವತ್ತು ದೇಶದಲ್ಲಿ ಮಾರಾಟ ಆಗೋ ಬೀರ್ ಬಹುಪಾಲು ಲಾಗರ್. ಯಾಕೋಬ್ಸನ್ ತಣ್ಣೀರು ಹಾಕ್ತಾ ತಂದಿದ್ದಲ್ಲ, ಆ ಜಾತಿಯ ಯೀಸ್ಟ್. ಅದು ಮಿಶ್ರತಳಿ. ಒಂದು ಕಡೆ ಮಾಮೂಲಿ ಏಲ್ ಯೀಸ್ಟ್, ಇನ್ನೊಂದು ಕಡೆಯ ಪೋಷಕರು ಯಾರು ಅಂತ ಬಹಳ ಕಾಲ ಗೊತ್ತಿರಲಿಲ್ಲ. 2011ರಲ್ಲಿ ಅರ್ಜೆಂಟೀನಾದ ಪ್ಯಾಟಗೋನಿಯಾ ಕಾಡಿನಲ್ಲಿ ಮರದ ಮೇಲಿನ ಗಂಟುಗಳಲ್ಲಿ ಸಿಕ್ತು. ಕಪ್ಪು ಏಲ್ ನಮ್ಮ ಕಡೆ ವಾಪಸ್ ಬಂದಿದ್ದು 2010ರ ಆಸುಪಾಸಿನಲ್ಲಿ ಬೆಂಗಳೂರಲ್ಲಿ ಮೈಕ್ರೋಬ್ರೂವರಿಗಳು ಶುರುವಾದ ಮೇಲೆ. ಇಂದಿರಾನಗರದ ಟಾಯ್ಟ್ ಅದರಲ್ಲಿ ಮೊದಮೊದಲಿನದು.

ಭಾಗ 8

ಈ ಭಾಗ ಬರೆಯೋಕೆ ಎರಡು ದಿನ ತಗೊಂಡೆ.

ನಮ್ಮೂರು ಸಿ.ಎಸ್. ಪುರ, ಚಂದ್ರಶೇಖರಪುರ, ಗುಬ್ಬಿ ತಾಲ್ಲೂಕು. ತೆಂಗು, ರಾಗಿ. ಮೊದಲು ಹಳ್ಳದ ಪಕ್ಕ ಈಚಲು ಮರಗಳೂ ಇದ್ವು. ಬೀರಿನ ಯೀಸ್ಟ್ ಬಗ್ಗೆ ಅಜ್ಜಿ ಹತ್ರ ಮಾತಾಡ್ತಾ ಇದ್ದಾಗ ಅವಳು ತನ್ನ ಚಿಕ್ಕಂದಿನ ಹೆಂಡದ ಮಡಕೆ ಬಗ್ಗೆ ಹೇಳಿದ್ಲು. ಹೆಂಡ ಇಳಿಸೋ ಮಡಕೆಯನ್ನ ಪೂರ್ತಿ ತಿಕ್ಕಿ ತೊಳೀತಿರಲಿಲ್ಲವಂತೆ. ಹೊಸ ಮಡಕೆ ತಂದ್ರೆ ಹಳೇದರ ತಳದ ಮಡ್ಡಿ ಸ್ವಲ್ಪ ಅದರೊಳಗೆ ಸವರಿ "ಪಳಗಿಸ್ತಿದ್ರು". ಹುಳಿಯಾಗದ ಸಿಹಿ ನೀರಾ ಬೇಕಾದ್ರೆ ಒಳಗೆ ಸುಣ್ಣ ಬಳೀತಿದ್ರು. ಅಜ್ಜಿಗೆ ಪಾಸ್ಟರ್ ಗೊತ್ತಿಲ್ಲ, ಹ್ಯಾನ್ಸೆನ್ ಗೊತ್ತಿಲ್ಲ. ಮಡ್ಡಿಯಲ್ಲಿ ಏನೋ ಇದೆ, ಸುಣ್ಣ ಅದನ್ನ ತಡೆಯುತ್ತೆ ಅನ್ನೋದು ಆ ಕಾಲದ ಎಲ್ಲರಿಗೂ ಗೊತ್ತಿತ್ತು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸನ್ನ ಉಬ್ಬಿಸೋಕೆ ಹೆಂಡ ಹಾಕ್ತಿದ್ದದ್ದೂ ಇದಕ್ಕೇ. ಈಗ ಬಹಳ ಕಡೆ ಅಂಗಡಿ ಯೀಸ್ಟ್ ಪ್ಯಾಕೆಟ್ ಹಾಕ್ತಾರೆ.

ಆ ಮರ, ಆ ಮಡಕೆ ಹೋಗಿದ್ದು ಸುಮ್ನೆ ಅಲ್ಲ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರ ಕಡಿದು ಜೈಲಿಗೆ ಹೋದ್ರು. ಕುಡಿತದಿಂದ ಹಾಳಾದ ಮನೆಗಳನ್ನ ನೋಡಿದವರು ಅವರು. ನಾನು ಅವರನ್ನ ಟೀಕೆ ಮಾಡಲ್ಲ, ಯಾಕಂದ್ರೆ ನಮ್ಮ ದೊಡ್ಡಪ್ಪ ಹೋಗಿದ್ದು ಪ್ಯಾಕೆಟ್ ಸಾರಾಯಿಯಿಂದ. ನಾನು ನೋಡಿದ್ದು ಫೋಟೊದಲ್ಲಿ ಮಾತ್ರ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಅಜ್ಜಿ ದೇವರಿಗೆ ಕಾಯಿ ಒಡೆದಿದ್ಲಂತೆ. ನಮಗೆ ಅದು ಒಂದು ವರ್ಷ ತಡವಾಗಿತ್ತು. ನಮ್ಮನೇಲಿ ಬೀರ್ ಅನ್ನೋ ಪದ ಎತ್ತದೇ ಇರೋದು ಅದಕ್ಕೆ.

ಹಾಗಾಗಿ ಮಡಕೆ ಹೋಯ್ತಲ್ಲ ಅಂತ ಕಣ್ಣೀರು ಹಾಕೋಕೆ ನನ್ನಿಂದ ಆಗಲ್ಲ. ಆದರೆ ಅದರಲ್ಲಿದ್ದ ಹೆಪ್ಪು ಬೇರೆ, ದೊಡ್ಡಪ್ಪನನ್ನ ತಿಂದ ಭಟ್ಟಿ ಇಳಿಸಿದ ಪ್ಯಾಕೆಟ್ ಬೇರೆ. ಎರಡನ್ನೂ ಒಂದೇ ಅಂತ ನೋಡೋಕೂ ಆಗ್ತಿಲ್ಲ. ಪುಣೆಯ ಎನ್‌ಸಿಎಲ್, ಚಂಡೀಗಢದ ಇಮ್ಟೆಕ್‌ಗಳಲ್ಲಿ ಸೂಕ್ಷ್ಮಜೀವಿಗಳನ್ನ ಕಾಪಾಡೋ ಸಂಗ್ರಹಗಳಿವೆ. ನಮ್ಮೂರ ಹಳ್ಳದ ಪಕ್ಕದ ಮಡಕೆಯನ್ನ ಅಲ್ಲಿಗೆ ತಗೊಂಡು ಹೋದವರಿಲ್ಲ. ಇದನ್ನ ಅಜ್ಜಿಗೆ ಹೇಳಿದ್ರೆ, "ತಗೊಂಡೋಗಿ ಏನ್ಮಾಡ್ತಿದ್ದೆ? ನಿಮ್ ದೊಡ್ಡಪ್ಪ ಬರ್ತಿದ್ನಾ?" ಅಂದ್ಲು. ಅದಕ್ಕೆ ನನ್ನತ್ರ ಉತ್ತರ ಇರ್ಲಿಲ್ಲ. ಈಗ್ಲೂ ಇಲ್ಲ.

ಭಾಗ 9, ಕೊನೇದು

ನಾರ್ವೆಯ ಪಶ್ಚಿಮದ ಹಳ್ಳಿಗಳಲ್ಲಿ ರೈತರು ಮನೆಯ ಬೀರಿನ ಯೀಸ್ಟನ್ನ ತಲೆಮಾರುಗಳಿಂದ ಇಟ್ಕೊಂಡು ಬಂದಿದ್ದಾರೆ. ಕ್ವೈಕ್ ಅಂತಾರೆ. ಮರದ ತುಂಡುಗಳನ್ನ ಪೋಣಿಸಿದ ಬಳೆಯನ್ನ ಬೀರಿನ ಮಡ್ಡಿಯಲ್ಲಿ ಅದ್ದಿ, ಒಣಗಿಸಿ, ನೇತು ಹಾಕ್ತಿದ್ರು. ಮುಂದಿನ ಸಲ ಹೊಸ ರಸಕ್ಕೆ ಇಳಿಬಿಟ್ರೆ ಆಯ್ತು. ಕೆಟ್ಟೋದ್ರೆ ಪಕ್ಕದ ಮನೆಯಿಂದ ಇಸ್ಕೊಳ್ಳೋದು. ಆಶ್ಚರ್ಯ ಏನಂದ್ರೆ, ಅಷ್ಟು ಚಳಿ ದೇಶದ ಯೀಸ್ಟ್ 35-40 ಡಿಗ್ರಿಯಲ್ಲೂ ಚೆನ್ನಾಗಿ ಕೆಲಸ ಮಾಡುತ್ತೆ, ಬೇಗ ಮುಗಿಸುತ್ತೆ. ನಮ್ಮೂರಿನ ಏಪ್ರಿಲ್ ತಿಂಗಳಿಗೆ ಹೇಳಿ ಮಾಡಿಸಿದ ಹಾಗೆ.

ಭಾವ ಮೂರನೇ ಸಲ ಅದೇ ಕಪ್ಪು ಏಲ್‌ಗೆ ಕ್ವೈಕ್ ಹಾಕಿದ್ರು. ವೋಸ್ ಅನ್ನೋ ಊರಿನ ಕಡೆಯ ತಳಿ. ಕಪ್ಪು ಮಾಲ್ಟ್ ಮತ್ತೆ 250 ಗ್ರಾಂಗೆ ಏರಿಸಿದ್ರು, ಯಾಕಂದ್ರೆ ಇದು ಸೇಸನ್ ಥರ ಬಳಿದು ತಿನ್ನಲ್ಲ. 35 ಡಿಗ್ರಿ, ನಾಲ್ಕೇ ದಿನ, 1.013ಕ್ಕೆ ನಿಂತಿತು. ಕಿತ್ತಳೆ ಸಿಪ್ಪೆಯ ವಾಸನೆ, ಹಿಂದೆ ಹುರಿದ ರಾಗಿ. ಹೌದು, ಅಕ್ಕ ಬೀರು ಬೀಗ ತೆಗೆದಿದ್ಲು. ಈಗ ಭಾವನ ಫ್ರಿಜ್ಜಿನಲ್ಲಿ ಆ ಮಡ್ಡಿ ಒಂದು ಸಣ್ಣ ಬಾಟಲಿಯಲ್ಲಿದೆ, ಮೇಲೆ ಕನ್ನಡದಲ್ಲಿ "ಹೆಪ್ಪು" ಅಂತ ಚೀಟಿ. ಇಲ್ಲಾಂದ್ರೆ ಅಕ್ಕ ತೊಳೆದು ಹಾಕ್ತಾಳೆ ಅಂತ.

ಕಳೆದ ಭಾನುವಾರ ನಾನು ಊರಿಂದ ತುಮಕೂರಿನ ರೂಮಿಗೆ ವಾಪಸ್ ಹೊರಟೆ. ರೂಮಲ್ಲಿ ಪ್ಯಾಕೆಟ್ ಮೊಸರು ತಿಂದು ಸಾಕಾಗಿತ್ತು. ಅಜ್ಜಿ ಹತ್ರ ಹೆಪ್ಪು ಕೇಳಿದೆ. ದೀಪ ಹಚ್ಚಿದ ಮೇಲೆ ಕೊಡಲ್ಲ ಅಂತ ಗೊತ್ತಿತ್ತು, ಅದಕ್ಕೆ ಮಧ್ಯಾಹ್ನವೇ ಕೇಳಿದೆ. ಚಿಕ್ಕ ಸ್ಟೀಲ್ ಡಬ್ಬಿಗೆ ಎರಡು ಚಮಚ ಹಾಕಿ, ಒದ್ದೆ ಬಟ್ಟೆ ಸುತ್ತಿ ಕೊಟ್ಲು. ಬಸ್ಸಲ್ಲಿ ಸೀಟಿಲ್ಲ, ಬಿಸಿಲು. ಗುಬ್ಬಿಯಲ್ಲಿ ಬಸ್ ನಿಂತಾಗ ಇಳಿದು ನಲ್ಲಿ ಹತ್ರ ಹೋಗಿ ಬಟ್ಟೆ ಮತ್ತೆ ಒದ್ದೆ ಮಾಡ್ಕೊಂಡೆ. ಕಂಡಕ್ಟರ್ "ಏನಪ್ಪಾ, ಔಷಧಿನಾ?" ಅಂದ್ರು. "ಹೆಪ್ಪು" ಅಂದೆ. ಅವರು ನಗಲಿಲ್ಲ. "ಜೋಪಾನ" ಅಂದು ಸೀಟಿ ಊದಿದ್ರು.

ರಾತ್ರಿ ಹಾಲಿಗೆ ಹಾಕಿದೆ. ಬೆಳಗ್ಗೆ ಗಟ್ಟಿಯಾಗಿತ್ತು, ಮನೆ ಮೊಸರಿಗಿಂತ ಒಂಚೂರು ಹುಳಿ ಜಾಸ್ತಿ. ರೂಮ್‌ಮೇಟ್ ಒಂದು ಲೋಟ ಹಿಡ್ಕೊಂಡು ನಿಂತಿದ್ದ, ನಾಳೆಗೆ ಸ್ವಲ್ಪ ಎತ್ತಿಡು ಅಂತ.

#ಹೆಪ್ಪು #ಸಿಎಸ್‌ಪುರ #ಗುಬ್ಬಿ #ಚರಿತ್ರೆ #ಬಿಕಾಂಹುಡುಗ